ಕುಡುಕ ಗಂಡನ ಪಾತ್ರ

ಜಗಳೂರಿನ ಕೊಟ್ರಮ್ಮನ ರೊಟ್ಟಿ ಕೇಂದ್ರದಲ್ಲಿ ಅಂದು ಮಧ್ಯಾಹ್ನಕ್ಕೇ ಒಲೆ ಆರಿಸಿದ್ದರು. ಕೆಲಸದ ಹೆಂಗಸರೆಲ್ಲ ಹಿಟ್ಟಿನ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಟಿವಿ ಮುಂದೆ ಚಾಪೆ ಹಾಸಿ ಕೂತಿದ್ದರು. ತಮ್ಮ ಮುಖ ವಿಡಿಯೊದಲ್ಲಿ ಹೇಗೆ ಬಂದಿದೆಯೋ ನೋಡುವ ಆತುರ ಅವರಿಗೆ.

ಬೆಂಗಳೂರಿನ ದೊಡ್ಡ ಅಂಗಡಿಯವರು ಕೊಟ್ರಮ್ಮನ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ತಮ್ಮ ಮಳಿಗೆಗಳಲ್ಲಿ ಇಡುವ ಮಾತಾಡಿದ್ದರು. ಅದಕ್ಕೆ ಮೊದಲು ಕೇಂದ್ರದ ಬಗ್ಗೆ ಒಂದು ಒಳ್ಳೆಯ ವಿಡಿಯೊ ಕೇಳಿದ್ದರು. ಚನ್ನಗಿರಿಯಲ್ಲಿ ಸ್ಟುಡಿಯೊ ನಡೆಸುವ ನುಜಹತ್‌ಳನ್ನು ಕರೆಸೋಣವೆಂದು ಕೊಟ್ರಮ್ಮ ಅಂದಿದ್ದಳು. "ಮದುವೆ, ಸೀಮಂತ ತೆಗೆಯೋರ ಕೈಲಿ ಇದು ಆಗಲ್ಲವ್ವ," ಎಂದು ಮಗಳು ಸುನಿತಾ ಹಟ ಹಿಡಿದು ಪೇಟೆಯಿಂದ ಪ್ರವೀಣ್ ಕುಮಾರನ ಕಂಪನಿಯನ್ನು ಗೊತ್ತು ಮಾಡಿದ್ದಳು. ಅವನ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡಿದ್ದರು. ಅವಳು ಬೇರೇನನ್ನೂ ವಿಚಾರಿಸಿರಲಿಲ್ಲ.

ಪ್ರವೀಣ್ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ. ಹಂಚಿನ ಮೇಲೆ ರೊಟ್ಟಿ ಉಬ್ಬುವುದು ಕಂಡಾಗ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಆಮೇಲೆ ಪರದೆ ಕತ್ತಲಾಯಿತು. ಒಬ್ಬ ಗಂಡಸು ತೂರಾಡುತ್ತ ಬಂದು ಹಿಟ್ಟಿನ ಪರಾತ ಒದ್ದ, ಒಲೆಯ ಮುಂದಿದ್ದ ಹೆಂಗಸಿನ ಜುಟ್ಟು ಹಿಡಿದು ಬಡಿದ. ಅವಳು ಕಿರುಚಿದಳು. ಹಿನ್ನೆಲೆಯಲ್ಲಿ ಗಡಸು ದನಿಯೊಂದು ಹೇಳಿತು: "ಕುಡುಕ ಗಂಡನ ಹಿಂಸೆಯಲ್ಲಿ ಬೆಂದು, ಅವನ ಸಾವಿನ ನಂತರ ಬದುಕು ಕಟ್ಟಿಕೊಂಡ ಹೆಣ್ಣು, ಕೊಟ್ರಮ್ಮ."

ಕೊಟ್ರಮ್ಮನ ಅತ್ತೆ ತಿಪ್ಪಮ್ಮನಿಗೆ ಕಣ್ಣು ಮಂಜು. ಆಕೆ ಮುಂದಕ್ಕೆ ಬಾಗಿ ಕೇಳಿದಳು, "ಯಾರವ್ವ ಇವನು? ನಮ್ಮ ಒಲೆ ತಾವ ಯಾಕೆ ಬಂದಾನೆ?"

"ನಿಮ್ಮ ಮಗನ ಪಾತ್ರ ಅಜ್ಜಿ. ಚೆನ್ನಾಗಿ ಮಾಡಿದಾನಲ್ಲ?" ಎಂದ ಪ್ರವೀಣ್.

ಮುದುಕಿ ಪರದೆಯ ಕಡೆಯಿಂದ ಮುಖ ತಿರುಗಿಸಿದಳು. ಅವಳ ಮಗ ಹಾಲಸ್ವಾಮಿ ಹೆಂಡತಿಯ ಜೊತೆ ಕೂತು ಹಿಟ್ಟು ಸಾಣಿಸಿದವನು. ರೊಟ್ಟಿ ಗಂಟು ಬೈಕಿಗೆ ಕಟ್ಟಿಕೊಂಡು ಹೊನ್ನಾಳಿ, ನ್ಯಾಮತಿ ಸಂತೆಗಳಿಗೆ ತಿರುಗಿದವನು. ಎದೆನೋವು ಬಂದು ದಾರಿಯಲ್ಲೇ ತೀರಿಕೊಂಡಿದ್ದ. ಹೆಂಡ ಹೋಗಲಿ, ಬೀಡಿಯನ್ನೂ ಮುಟ್ಟಿದವನಲ್ಲ.

"ನನ್ನ ಗಂಡ ಕುಡೀತಿದ್ದ ಅಂತ ನಿನಗ್ಯಾರು ಹೇಳಿದ್ರು?" ಕೊಟ್ರಮ್ಮ ಎದ್ದು ನಿಂತಳು.

"ಯಾರೂ ಹೇಳಿಲ್ಲ ಮೇಡಂ. ಯಜಮಾನರು ಇಲ್ಲ ಅಂದ್ರಲ್ಲ, ಅದನ್ನೇ ಸ್ವಲ್ಪ ಬೆಳೆಸಿದ್ವಿ. ಬರೀ ರೊಟ್ಟಿ ತೋರಿಸಿದ್ರೆ ಯಾರು ನೋಡ್ತಾರೆ ಹೇಳಿ? ಕಣ್ಣಲ್ಲಿ ನೀರು ಬಂದ್ರೆ ಜನ ಕೊಳ್ತಾರೆ. ಅವರಂತೂ ಈಗಿಲ್ಲ, ಅವರಿಗೇನು ನಷ್ಟ? ನಿಮ್ಮನ್ನ ನಂಬಿ ಇಷ್ಟು ಹೆಣ್ಮಕ್ಕಳಿದಾರೆ. ಆರ್ಡರ್ ಬಂದ್ರೆ ಇವರಿಗೇ ಕೆಲಸ."

ಕಡೆಯ ಮಾತು ಸುಳ್ಳಾಗಿರಲಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಸುನಿತಾ ಮೆಲ್ಲಗೆ, "ಅವ್ವ, ಬೆಂಗಳೂರಾಗೆ ಅಪ್ಪನ್ನ ಕಂಡೋರು ಯಾರವ್ರೆ?" ಎಂದಳು.

"ಇಲ್ಲಿ ಹೆತ್ತಾಕೆ ಕುಂತಾಳೆ. ಆಕೆ ಕಂಡಿಲ್ಲೇನು?"

ಆಗ ಗೋಡೆಗೆ ಒರಗಿದ್ದ ಅಂತರಘಟ್ಟಮ್ಮ, ರೊಟ್ಟಿ ಬಡಿಯುವುದರಲ್ಲಿ ಎಲ್ಲರಿಗಿಂತ ಚುರುಕಾದರೂ ಮಾತು ಕಡಿಮೆಯ ಹೆಂಗಸು, ಬಾಯಿ ತೆರೆದಳು.

"ಹೊಡೆಸಿಕೊಂಡೋರು ಹಂಗೆ ಕಿರುಚಲ್ಲ ರೀ. ಸೆರಗು ಬಾಯಿಗೆ ತುರುಕ್ಕೋಬೇಕು. ಮಕ್ಕಳು ಎದ್ರೆ ಅವಕ್ಕೂ ಬೀಳ್ತಾವೆ."

ಪ್ರವೀಣನ ಕಣ್ಣು ಹೊಳೆಯಿತು. ಅವನು ಹೋಗಿ ಅವಳೆದುರು ಕುಕ್ಕರುಗಾಲಲ್ಲಿ ಕೂತ. "ಅಮ್ಮ, ಇದನ್ನೇ ಕ್ಯಾಮೆರಾ ಮುಂದೆ ಹೇಳ್ತೀರಾ? ಹಿಂಗೇ, ಇದೇ ಸೀರೇಲಿ. ಮೈ ಮೇಲೆ ಗುರುತೇನಾದ್ರೂ ಐತಾ?"

ಸುನಿತಾ ಎದ್ದಳು. ಟಿವಿಗೆ ಸಿಕ್ಕಿಸಿದ್ದ ವೈರು ಕಿತ್ತು ಲ್ಯಾಪ್‌ಟಾಪಿನ ಮೇಲೆ ಎಸೆದಳು.

"ಎದ್ದೇಳ್ರಿ. ಆಕೆ ಮುಂದಿಂದ ಮೊದಲು ಎದ್ದೇಳ್ರಿ!"

"ಅಡ್ವಾನ್ಸ್ ವಾಪಸ್ ಬರಲ್ಲ, ನೆನಪಿರ್ಲಿ."

"ಅದನ್ನ ನೀವೇ ಇಟ್ಕೊಳ್ರಿ. ನಮ್ಮಪ್ಪನ ಹೆಸರು, ಈಕೆ ಮೈ ಮೇಲಿನ ಗುರುತು, ಎರಡೂ ಮಾರಾಕೆ ಇಟ್ಟಿಲ್ಲ. ಆ ವಿಡಿಯೊ ಎಲ್ಲಾದ್ರೂ ಕಂಡರೆ ಪೊಲೀಸ್ ಸ್ಟೇಷನ್ನಿಗೆ ನಾನೇ ಹೋಗ್ತೀನಿ."

ಅವನು ಗೊಣಗುತ್ತ ಸಾಮಾನು ಕಟ್ಟಿಕೊಂಡು ಹೋದ. ಕೊಟ್ರಮ್ಮ ಅಂತರಘಟ್ಟಮ್ಮನ ಪಕ್ಕ ಕೂತಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾವಾಗಿಂದ ಹಿಂಗೆ? ನನ್ನ ತಾವ ಒಂದು ಮಾತು ಹೇಳಬಾರದೇನೆ?"

ಅಂತರಘಟ್ಟಮ್ಮ ಮುಖ ನೋಡಿದಳು. "ನಿಮಗೆ ಗೊತ್ತಿರಲಿಲ್ಲೇನಕ್ಕ? ಹಂಚು ತಗುಲ್ತು ಅಂದಾಗೆಲ್ಲ ಮುಲಾಮು ಕೊಡ್ತಿದ್ರಿ."

ಕೊಟ್ರಮ್ಮನ ಕಣ್ಣು ಅವಳ ಕುತ್ತಿಗೆಯತ್ತ ಹೋಯಿತು. ಹಂಚು ತಗುಲಿದ ಗಾಯ ಕುತ್ತಿಗೆಯ ಹಿಂದೆ ಆಗುವುದಿಲ್ಲವೆಂದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಅವರ ಮನೆಯ ವಿಷಯ ನಮಗ್ಯಾಕೆ ಎಂದು ಸುಮ್ಮನಿದ್ದರು. ತನ್ನ ಗಂಡನ ಹೆಸರಿಗೆ ಬಂದ ಸಿಟ್ಟು ಇವಳ ಕುತ್ತಿಗೆ ನೋಡಿದಾಗ ತನಗೇಕೆ ಬರಲಿಲ್ಲ? ಪ್ರವೀಣನ ಮೇಲಿದ್ದ ಕೊಟ್ರಮ್ಮನ ಕೋಪದಲ್ಲಿ ಅರ್ಧ ತನ್ನ ಕಡೆಗೇ ತಿರುಗಿತು.

ಸುನಿತಾ ಬೆಂಗಳೂರಿನ ಅಂಗಡಿಯವರಿಗೆ ಫೋನು ಮಾಡಿ ವಿಡಿಯೊ ಕೊಡುವ ಗಡುವು ಮುಂದೆ ಹಾಕಿಸಿದಳು. ನುಜಹತ್‌ಗೂ ಮಾಡಿದಳು. ಆಕೆ ಕೇಳಿದ್ದು ಒಂದೇ: "ಏನು ತೋರಿಸಬೇಕು ಅಂತ ಆಮೇಲೆ ಹೇಳ್ರಿ. ಏನು ತೋರಿಸಬಾರದು, ಅದನ್ನ ಮೊದಲು ಹೇಳ್ರಿ."

ಚಿತ್ರೀಕರಣದ ಹಿಂದಿನ ಸಂಜೆ ಅಂತರಘಟ್ಟಮ್ಮ ಎರಡು ಮಕ್ಕಳನ್ನೂ ಬಟ್ಟೆಯ ಚೀಲವನ್ನೂ ಹಿಡಿದು ಕೊಟ್ರಮ್ಮನ ಮನೆಗೆ ಬಂದಳು. ಗಂಡನ ಏಟಿಗೆ ತುಟಿ ಒಡೆದಿತ್ತು. ಬೆಳಗ್ಗೆ ದೂರು ಕೊಡಿಸಲು ಕೊಟ್ರಮ್ಮ ಚಪ್ಪಲಿ ಮೆಟ್ಟಿ ನಿಂತಾಗ ಅವಳೇ ಹಿಂದೇಟು ಹಾಕಿದಳು.

"ನಾಳೆ ಹೋಗಾನ ಬಿಡ್ರಿ ಅಕ್ಕ. ಇವತ್ತು ನೀವು ಕ್ಯಾಮೆರಾ ಮುಂದೆ ಮಾತಾಡಬೇಕಲ್ಲ."

"ವಿಡಿಯೊ ಕಾಯ್ತದೆ. ನಡಿ."

ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ದೂರು ಬರೆಸಿ ಹಿಂತಿರುಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಲ್ಲಿಯವರೆಗೆ ನುಜಹತ್ ಉಳಿದ ಹೆಂಗಸರ ಕೆಲಸ ಚಿತ್ರೀಕರಿಸುತ್ತ, ತಿಪ್ಪಮ್ಮನ ಮಾತು ಕೇಳುತ್ತ ಕಾದಿದ್ದಳು. ಅಂತರಘಟ್ಟಮ್ಮ ಒಲೆಯ ಮುಂದೆ ಕೂತು ಹಿಟ್ಟು ನಾದತೊಡಗಿದಳು. ನುಜಹತ್ ಕ್ಯಾಮೆರಾ ಎತ್ತಿ, ತೆಗೆಯಲೇ ಎಂಬಂತೆ ಅವಳತ್ತ ನೋಡಿದಳು. ಅವಳು ಬೇಡವೆಂದು ತಲೆಯಾಡಿಸಿದಳು.

ನುಜಹತ್ ಕ್ಯಾಮೆರಾ ಇಳಿಸಿ, ಬೇರೆ ಒಲೆಯ ಕಡೆಗೆ ನಡೆದಳು.