ಮೈಕು ತೆರೆದಿರುವಾಗ

ಹೆಡ್‌ಸೆಟ್ಟಿನ ಎಡಗಿವಿಯ ಮೆತ್ತೆ ಬೆವರಿಗೆ ಮತ್ತೆ ಜಾರಿತು, ಜಾರಿದ ಸಂದಿಯಿಂದ ನಡುಮನೆಯ ಫ್ಯಾನಿನ ಸದ್ದು, ಅದರ ಹಿಂದೆಯೇ ಫೋನಿನಲ್ಲಿರುವ ಗಂಡನ ದನಿ, ಬಲಗಿವಿಯಲ್ಲಿ ಕಂಪನಿಗೆ ದೂರು ಹೇಳಲು ಫೋನು ಮಾಡಿದ ಇವತ್ತಿನ ಹನ್ನೊಂದನೆಯ ಗಿರಾಕಿ, ಪಿಟೀಲು ಮೇಷ್ಟ್ರು — ಅಲ್ಲಮ್ಮಾ, ನಿಮ್ಮ ಕಂಪನಿ ಹೆಡ್‌ಸೆಟ್‌ನಲ್ಲಿ ಸಂಗೀತ ಕೇಳಿದ್ರೆ ಜೇನು ಸುರಿದ ಹಾಗಿರುತ್ತೆ, ಶಿಷ್ಯೆಗೆ ಪಾಠ ಹೇಳೋಣ ಅಂತ ಮೈಕ್ ಆನ್ ಮಾಡಿದೆನೋ, ಅವಳು ಪಿಟೀಲು ನುಡಿಸ್ತಿದ್ದಾಳೋ ಪಾತ್ರೆ ಉಜ್ಜುತ್ತಿದ್ದಾಳೋ ಗೊತ್ತಾಗಲ್ಲ — ಇವಳು ನಕ್ಕಳು, ನಗುವುದೂ ಸಂಬಳದೊಳಗೇ ಬರುತ್ತದೆ, ಕೆಟ್ಟಿಲ್ಲ ಸರ್, ತಂತಿ ಇಲ್ಲದ್ದಲ್ವಾ, ದಾರಿ ಕಿರಿದು, ಸುಮ್ಮನೆ ಕೇಳ್ತಾ ಇದ್ರೆ ದಾರಿಯೆಲ್ಲ ಸಂಗೀತಕ್ಕೆ, ನೀವು ಮಾತಾಡೋಕೆ ಹೊರಟ್ರೆ ಅದು ಜಾಗ ಬಿಡಬೇಕು — ದಿನಕ್ಕೆ ಹತ್ತು ಸಲ ಹೇಳುವ ಮಾತು, ನಾಲಿಗೆಗೆ ರೂಢಿ, ಮನಸ್ಸು ಬೇಕಿಲ್ಲ, ಮನಸ್ಸು ಆ ಸಂದಿಯಲ್ಲಿದೆ, ಅಲ್ಲಿಂದ ಗಂಡನ ದನಿ, ಹೂಂ ಅಕ್ಕಾ, ಅವಳಿ ಮಕ್ಕಳು ಅಂದ್ರೆ ಸುಮ್ನೇನಾ, ನಿನ್ನ ಮಗಳೊಬ್ಬಳಿಂದ ಆಗುತ್ತಾ, ಇವಳು ಬಂದು ಒಂದು ವರ್ಷ ಇರ್ಲಿ, ಇವಳ ಕೆಲಸ ಏನ್ ಮಹಾ, ತಲೆಗೊಂದು ಬಳೆ ಹಾಕ್ಕೊಂಡು ಹರಟೆ ಹೊಡೆಯೋದು ತಾನೆ. ನಿನ್ನೆ ಊಟಕ್ಕೆ ಕೂತಾಗ ಯೋಚಿಸಿ ಹೇಳ್ತೀನಿ ಅಂದಿದ್ದಳು, ಯೋಚಿಸು ಅಂದಿದ್ದ, ಈಗ ಇವಳು ಯೋಚಿಸಿದ್ದೇನು ಎಂಬುದನ್ನೂ ಅವನೇ ಅಕ್ಕನಿಗೆ ಹೇಳುತ್ತಿದ್ದಾನೆ. ಎದ್ದು ಹೋಗಿ ಬಾಗಿಲಲ್ಲಿ ನಿಂತು ಒಂದು ಮಾತು ಅಂದರೆ ಸಾಕು, ಆದರೆ ಗಿರಾಕಿ ಲೈನಿನಲ್ಲಿರುವಾಗ ಮೈಕು ಮುಚ್ಚಿದರೆ ಮೇಲ್ವಿಚಾರಕಿಯ ಪರದೆಯಲ್ಲಿ ಕೆಂಪು ಗುರುತು, ಈ ತಿಂಗಳು ಆಗಲೇ ಎರಡು, ಒಂದು ಕುಕ್ಕರ್ ಕೂಗಿದಾಗ ಮುಚ್ಚಿದ್ದಕ್ಕೆ, ಇನ್ನೊಂದು ಕೆಮ್ಮು ಬಂದಾಗ, ಮೂರಾದರೆ ನಾಳೆಯಿಂದ ಲಾಗಿನ್ ಇಲ್ಲ, ತೆರೆದ ಮೈಕಿನಲ್ಲಿ ಕಿರುಚಿದರೆ ಇವತ್ತೇ ಇಲ್ಲ — ಕೆಲಸ ಉಳಿಯಬೇಕಾದರೆ ಕೂಗಬೇಕು, ಕೂಗಿದರೆ ಕೆಲಸ ಹೋಗುತ್ತದೆ — ಪರದೆಯ ಮೂಲೆಯಲ್ಲಿ ಅವಳ ದನಿಯನ್ನು ಅಳೆಯುವ ಹಸಿರು ಗೆರೆ, ಬರೀ ಉಸಿರಿಗೂ ಒಂದು ಕಾಳಿನಷ್ಟು ಅಲುಗುತ್ತದೆ. ಹಾಗಾದ್ರೆ ನಾನು ಬಾಯಿ ಮುಚ್ಕೊಂಡು ಪಾಠ ಹೇಳ್ಬೇಕಾ, ಮೇಷ್ಟ್ರು ಕೇಳುತ್ತಿದ್ದಾರೆ, ಇಲ್ಲ ಸರ್, ಮಾತಿಗೆ ಲ್ಯಾಪ್‌ಟಾಪಿನ ಮೈಕನ್ನೇ ಆರಿಸ್ಕೊಳ್ಳಿ, ಹೆಡ್‌ಸೆಟ್ ಕೇಳೋಕೆ ಮಾತ್ರ ಇರ್ಲಿ — ಗೆರೆ ಏರಿತು, ಇಳಿಯಿತು — ಇಲ್ಲಕ್ಕಾ, ಅವಳದ್ದೇನೂ ಅಭ್ಯಂತರ ಇಲ್ಲ, ಕೇಳಿದೀನಿ, ಖುಷಿಯಾಗಿದ್ದಾಳೆ, ಭಾನುವಾರದ ಬಸ್ಸಿಗೆ ಟಿಕೆಟ್ ಮಾಡಿಬಿಡ್ತೀನಿ —

ಅಭ್ಯಂತರ ಇದೆ, ನಾನು ಹೋಗಲ್ಲ. ಅಂದುಬಿಟ್ಟಳು, ಬಾಯಿಬಿಟ್ಟೇ ಅಂದಳು, ಹೊಟ್ಟೆಯಿಂದ ಕಿತ್ತುಕೊಂಡು ಬಂದ ಮಾತು, ಆದರೆ ತುಟಿ ದಾಟುವಾಗ ಅದೇ ದನಿ, ಆರು ವರ್ಷದ ಹಿಂದೆ ತರಬೇತಿಯಲ್ಲಿ ತಿದ್ದಿ ಕೊಟ್ಟದ್ದು, ಮೈಕು ಬಾಯಿಂದ ಎರಡು ಬೆರಳು ದೂರ, ಗಿರಾಕಿಗೆ ಕೇಳಬೇಕು, ಪಕ್ಕದ ಕುರ್ಚಿಗೆ ಕೇಳಬಾರದು, ಇವಳನ್ನು ನೋಡಿ ಕಲಿಯಿರಿ ಅಂದಿದ್ದರು ಆಗ. ನಡುಮನೆಯಲ್ಲಿ ಟಿಕೆಟ್ಟಿನ ಮಾತು ನಡೆದೇ ಇದೆ, ಕಿಟಕಿ ಪಕ್ಕದ ಸೀಟೇ ಕೊಡಿಸ್ತೀನಿ ಬಿಡಕ್ಕಾ. ಬಲಗಿವಿಯಲ್ಲಿ ಮೇಷ್ಟ್ರು, ಮೆಲ್ಲಗೆ, ನನಗಲ್ಲ ಅಲ್ವಾಮ್ಮಾ ಹೇಳಿದ್ದು, ಯಾರಿಗೆ ಹೇಳ್ಬೇಕೋ ಅವರಿಗೆ ಹೇಳಿಬನ್ನಿ, ನಾನು ಲೈನಲ್ಲೇ ಇರ್ತೀನಿ — ಲೈನಲ್ಲಿದ್ದರೆ ಅದೂ ರೆಕಾರ್ಡೇ, ಎದ್ದರೆ ಮೂರನೆಯ ಗುರುತು, ಕೂತರೆ ಭಾನುವಾರ, ಗಟ್ಟಿಯಾಗಿ ಅನ್ನು, ಒಂದೇ ಸಲ, ಗೋಡೆಯಾಚೆ ಬೀಳುವ ಹಾಗೆ, ಬಾಯಿ ತೆರೆದಿದ್ದಾಳೆ, ಎದೆ ತುಂಬ ಉಸಿರಿದೆ, ಗಟ್ಟಿ ದನಿ ಎಲ್ಲಿತ್ತು, ಅದು ಎಲ್ಲಿಂದ ಬರುತ್ತಿತ್ತು — ಹಸಿರು ಗೆರೆ ಕಾಳಿನಷ್ಟು ಅಲುಗುತ್ತದೆ, ನಿಲ್ಲುತ್ತದೆ, ಕಾಳಿನಷ್ಟು ಅಲುಗುತ್ತದೆ, ಹಸಿರು ಗೆರೆ