ನೇರಳಕ್ಕನ ತೋಳು

"ಭುಜ ಸ್ವಲ್ಪ ಎತ್ತಮ್ಮ, ಕೈ ಬಗ್ತಾನೇ ಇಲ್ಲ," ಎಂದಳು ಪಕ್ಕದಂಗಡಿಯ ಟೈಲರಮ್ಮ. ಮಗಳು ತಾಯಿಯ ಹೆಗಲಡಿ ಕೈಯಿಟ್ಟು ಎತ್ತಿದಳು. ಸತ್ತವಳ ತೋಳು ಸೆಟೆದುಕೊಂಡಿತ್ತು. ಅಂಗಿಯ ಉದ್ದ ತೋಳು ಮೊಣಕೈವರೆಗೆ ಬಂದು ಅಲ್ಲೇ ನಿಂತಿತು. ಮೊಣಕೈಯ ಮೇಲ್ಗಡೆ, ಹಳದಿಗೆ ತಿರುಗಿದ ಹಳೆಯ ಪೆಟ್ಟಿನ ಕಲೆಯ ಪಕ್ಕದಲ್ಲಿ, ನಾಲ್ಕು ಬೆರಳಿನ ಹೊಸ ಗುರುತು ಕಪ್ಪಾಗಿ ಮೂಡಿತ್ತು.

ಆಚೆ ಕೋಣೆಯಲ್ಲಿ ಕುರ್ಚಿ ಸಾಲದೆ ಬೀದಿಯ ಜನ ನಿಂತಿದ್ದರು. ಗಡಿಯಾರ ರಿಪೇರಿ ಮಾಡುವ ಗಂಡ ಬಂದವರಿಗೆಲ್ಲ ಮೆಲುದನಿಯಲ್ಲಿ ಹೇಳುತ್ತಿದ್ದರು: "ಮಲಗಿದವಳು ಬೆಳಗ್ಗೆ ಏಳಲೇ ಇಲ್ಲ." ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ ಎಂದು ಅವರಿಗೆ ಹೆಸರು. ಅಂಥ ಹೆಸರು ಬಿಟ್ಟಿ ಬರುವುದಿಲ್ಲ, ಮನೆಯಲ್ಲಿ ಯಾರಾದರೂ ಬಾಯಿ ಮುಚ್ಚಿಕೊಂಡಿರಬೇಕು. ಬಂದವರು ಅವರ ಬೆನ್ನು ಸವರಿ ಸಮಾಧಾನ ಹೇಳುತ್ತಿದ್ದರು.

"ನೇರಳಕ್ಕ ಹೋಗ್ಬಿಟ್ರಲ್ಲಾ," ಬೇಕರಿಯವನ ದನಿ ಒಳಗೂ ಕೇಳಿಸಿತು. "ಸಮಾಧಿ ಕಲ್ಲಿನ ಮೇಲೂ ಅದೇ ಹೆಸರು ಕೆತ್ತಿಸಿ ಯಜಮಾನ್ರೇ."

"ಆ ಹೆಸರು ಇಟ್ಟಿದ್ದು ಯಾರು ದೊಡ್ಡಮ್ಮಾ?" ಮಗಳು ಟೈಲರಮ್ಮನನ್ನು ಕೇಳಿದಳು.

"ನಾನೇ. ಹಿತ್ತಲಲ್ಲಿ ಹಿಪ್ಪುನೇರಳೆ ಮರ, ಇವಳ ಕೈಮೇಲೆ ಯಾವಾಗ್ಲೂ ಕಲೆ..."

"ಈಗ ಮರದಲ್ಲಿ ಎಲೆ ಕೂಡ ಇಲ್ಲ."

ಟೈಲರಮ್ಮ ಅಂಗಿಯ ತೋಳನ್ನು ಮತ್ತೆ ಎಳೆದಳು.

*

ನೇರಳಕ್ಕ ಟೈಲರಮ್ಮನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಕಾಜಾ ಎಂದರೆ ಗುಂಡಿ ತೂರುವ ಕಿಂಡಿ. ಇವಳು ಹೊಲಿದದ್ದು ಅಂಗಿ ಹರಿದರೂ ಬಿಚ್ಚುತ್ತಿರಲಿಲ್ಲ. ಒಂದು ದಿನ ಅವಳ ಮೊಣಕೈ ಮೇಲೆ ನೇರಳೆ ಬಣ್ಣ ಕಂಡು, ಬಿಳಿ ಬಟ್ಟೆಗೆ ಹತ್ತೀತೆಂದು ಟೈಲರಮ್ಮ ಗದರಿದಳು. ಹಿಪ್ಪುನೇರಳೆ ಹಣ್ಣಿನ ಕಲೆ ಸೋಪಿಗೆ ಜಗ್ಗುವುದಿಲ್ಲ, ಅದೇ ಮರದ ಕಾಯಿ ಉಜ್ಜಿದರೆ ಬಿಡುತ್ತದೆ. ಟೈಲರಮ್ಮ ಹಿತ್ತಲಿಗೆ ಹೋದಳು. ಮರದ ತುಂಬ ಹಸಿರು ಕಾಯಿ. ಒಂದು ಹಣ್ಣೂ ಇರಲಿಲ್ಲ. ಅದನ್ನು ನೋಡಿಯೂ ಹಿಡಿ ಕಾಯಿ ಕಿತ್ತು ತಂದು ಉಜ್ಜಿದಳು.

"ಅಮ್ಮಾ!" ಎಂದು ಅವಳು ಕೈ ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂತು. ಕಲೆ ಹೋಗಲಿಲ್ಲ.

"ಗಟ್ಟಿ ಬಣ್ಣ ಕಣೇ ನಿಂದು! ಇನ್ಮೇಲೆ ನೀನು ನೇರಳಕ್ಕ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ನಕ್ಕುಬಿಟ್ಟರೆ ಎಲ್ಲರಿಗೂ ಅನುಕೂಲವಾಗಿತ್ತು. ಮರುದಿನ ಅವಳು ಉದ್ದ ತೋಳಿನ ಅಂಗಿ ಹೊಲಿದುಕೊಡಲು ಕೇಳಿದಳು. ಟೈಲರಮ್ಮ ಏನೂ ಕೇಳದೆ ಅಳತೆ ತೆಗೆದುಕೊಂಡಳು.

*

"ನಿಮಗೆ ಗೊತ್ತಿತ್ತು," ಎಂದಳು ಮಗಳು.

"ಗೊತ್ತಿತ್ತು ಕಣಮ್ಮ."

"ನಂಗೂ. ಅದಕ್ಕೇ ಹಾಸ್ಟೆಲಿಗೆ ಓಡಿದೆ. ಅಮ್ಮನ್ನ ಇಲ್ಲೇ ಬಿಟ್ಟು."

ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. "ಆಯ್ತೇನಮ್ಮ? ಗಾಡಿ ಬಂದಿದೆ. ತೋಳು ಹತ್ತದೇ ಇದ್ರೆ ಹೊದಿಕೆ ಹಾಕ್ಬಿಡಿ, ಸಾಕು." ಅಪ್ಪನ ದನಿ.

ಮಗಳು ಹೊದಿಕೆ ಕೈಗೆತ್ತಿಕೊಂಡಳು. ಈಗ ಈ ಗುರುತನ್ನು ಮುಚ್ಚಿದರೆ ಇನ್ನು ಮುಚ್ಚುವುದು ಮಣ್ಣೇ. ಆಮೇಲೆ ಹೇಳಿದರೆ ಯಾರು ನಂಬುತ್ತಾರೆ? ಹೊದಿಕೆಯನ್ನು ಮೂಲೆಗೆ ಎಸೆದಳು.

"ಕತ್ತರಿ ಇದೆಯಾ ದೊಡ್ಡಮ್ಮಾ?"

ಟೈಲರಮ್ಮ ಚೀಲದಿಂದ ಕತ್ತರಿ ತೆಗೆದಳು. ಅಳುತ್ತಲೇ, ತಾನೇ ಹೊಲಿದ ತೋಳನ್ನು ಹೆಗಲ ಹೊಲಿಗೆಯ ಗುಂಟ ಕತ್ತರಿಸಿದಳು. ಇನ್ನೊಂದನ್ನೂ ಕತ್ತರಿಸಿದಳು.

ಮಗಳು ಬಾಗಿಲು ತೆರೆದಳು. ಹೂ ಹಿಡಿದು ಮೊದಲು ಬಂದ ಬೇಕರಿಯವನು ಬಗ್ಗಿದವನು ಬಗ್ಗಿದಂತೆಯೇ ಉಳಿದ. "ಮುಂದೆ ಹೋಗಪ್ಪಾ," ಎಂದರು ಹಿಂದಿನವರು. ಅವನು ಕದಲಲಿಲ್ಲ. ನಿಧಾನವಾಗಿ ತಿರುಗಿ ಬಾಗಿಲ ಕಡೆ ನೋಡಿದ. ಅವನ ಹಿಂದಿದ್ದವರೂ ಒಬ್ಬೊಬ್ಬರಾಗಿ ತಿರುಗಿದರು.

ಅಲ್ಲಿ ನಿಂತಿದ್ದ ಯಜಮಾನರ ಬಲಗೈ, ಕೋಟಿನ ಜೇಬು ಸಿಗದೆ, ತಡಕಾಡುತ್ತಲೇ ಇತ್ತು.