ಗೋಡೆಯ ಮೇಲಿನ ತೀರ್ಪು

ಇವರನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ನಾನೇ ಎತ್ತಿದೆ. ನನ್ನ ಗಂಡ ಗಾಜಿನ ಕೆಲಸದವರು. ಯಾರದೋ ಬಚ್ಚಲಮನೆಯ ಕನ್ನಡಿಯನ್ನು ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ಹಳೆಯ ಪತ್ರಿಕೆ ಸುತ್ತಿ ಇಟ್ಟಿದ್ದರು. ಗಿರಾಕಿ ಒಯ್ಯಲು ಬರುವವರಿದ್ದರು.

ಗೋಡೆಯ ಮೇಲೆ ಕೋರ್ಟಿನ ತೀರ್ಪು ನೇತಾಡುತ್ತಿತ್ತು. ಬಟ್ಟೆ ಅಂಗಡಿಯ ಧಣಿ ತನ್ನ ಮಳಿಗೆಯ ಮುಂಭಾಗಕ್ಕೆಲ್ಲ ಗಾಜು ಹಾಕಿಸಿಕೊಂಡು, ಮುಂಗಡ ಬಿಟ್ಟರೆ ಬೇರೇನೂ ಕೊಡಲಿಲ್ಲ. ಇವರು ಕೇಸು ಹಾಕಿದರು, ಗೆದ್ದರು. ಅಂಗಡಿಯಲ್ಲಿದ್ದ ಒಳ್ಳೆಯ ಗಾಜನ್ನೇ ಆರಿಸಿ ತೀರ್ಪಿಗೆ ಚೌಕಟ್ಟು ಹಾಕಿದರು. "ಇನ್ನೇನು, ಕೋರ್ಟೇ ತಂದುಕೊಡುತ್ತೆ" ಎಂದು ಕಾದರು. ನಾನೂ ಕಾದೆ. ದೊಡ್ಡ ಗಾಜು ಎತ್ತುವ ರಬ್ಬರ್ ಹಿಡಿಕೆಗಳು ಕೇಸಿನ ಖರ್ಚಿಗೆ ಮಾರಿಹೋಗಿದ್ದವು. ಎದುರು ಸಾಲಿನ ಗಾಜಿನವನಿಂದ ಕಡ ತಂದ ಜೋಡಿಯಲ್ಲೇ ಇವರು ಕೊನೆಯವರೆಗೂ ಕೆಲಸ ಮಾಡಿದರು.

ಕನ್ನಡಿಯವರಿಗಿಂತ ಮೊದಲು ಧಣಿ ಬಂದ. ಅತ್ತೆ ಕುರ್ಚಿ ಒರೆಸಿ ಕೊಟ್ಟರು.

"ತಂಗಿ, ಅವನೇ ಹೋದ ಮೇಲೆ ಇನ್ನೆಲ್ಲಿಯ ಕೇಸು? ಆದ್ರೂ ನನ್ನ ಮನಸ್ಸು ಕೇಳಲ್ಲ. ಇಷ್ಟು ಇಟ್ಕೋ. ಇಲ್ಲೊಂದು ಸಹಿ ಹಾಕು."

ಕವರ್ ತೆಳ್ಳಗಿತ್ತು. ಕಾಗದದಲ್ಲಿ 'ಬಾಕಿ ಪೂರ್ತಿ ಸಂದಿದೆ' ಎಂದಿತ್ತು.

"ಹಾಕಮ್ಮ," ಎಂದರು ಅತ್ತೆ. "ಇದ್ದಾಗ ಅವನ ಕೈಲೇ ಆಗ್ಲಿಲ್ಲ. ನಿನ್ನ ಕೈಲಿ ಆಗುತ್ತಾ?"

ಪೆನ್ನು ಕೈಗೆ ಬಂದಿತ್ತು. ಕೆಳಗಿಟ್ಟೆ. "ಸಂಜೆ ಹೇಳ್ತೀನಿ."

"ಸಂಜೆಗೆ ನನಗೆ ಇದೇ ಮನಸ್ಸು ಇರುತ್ತೋ ಇಲ್ವೋ," ಎಂದು ಕವರನ್ನು ಜೇಬಿಗೆ ಸೇರಿಸಿಕೊಂಡು ಹೋದ.

ಮಧ್ಯಾಹ್ನ ಕಾಲೇಜಿನ ಗೆಳತಿ ನೋಡಲು ಬಂದಳು. ಉಚಿತ ಕಾನೂನು ನೆರವು ಕೇಂದ್ರದಲ್ಲಿ ವಕೀಲೆ ಅವಳು. ಗೋಡೆ ನೋಡಿ ನಿಂತಳು.

"ಇದೇನೇ, ತೀರ್ಪಿಗೆ ಫೋಟೋ ಫ್ರೇಮು?"

"ಗೆದ್ದಿದ್ದಲ್ವಾ." ಬೆಳಿಗ್ಗೆ ಧಣಿ ಸಹಿಗೆಂದು ಕಾಗದ ತಂದಿದ್ದನ್ನೂ ಹೇಳಿದೆ.

"ಗೆದ್ದ ಮೇಲೆ ಜಾರಿ ಅರ್ಜಿ ಹಾಕಿದ್ರಾ?"

"ಹಾಗಂದ್ರೆ?"

ಅವಳು ಹಣೆ ಚಚ್ಚಿಕೊಂಡಳು. "ಕೊಡ್ಬೇಕು ಅಂತ ಕೋರ್ಟ್ ಹೇಳಿದೆ, ಅಷ್ಟೇ. ಕೊಡದಿದ್ರೆ, ವಸೂಲಿ ಮಾಡಿಕೊಡಿ ಅಂತ ನಾವೇ ಮತ್ತೆ ಅರ್ಜಿ ಹಾಕ್ಬೇಕು. ಆಗ ಅವನ ಬ್ಯಾಂಕ್ ಖಾತೆ, ಸರಕು ಜಪ್ತಿ ಮಾಡ್ತಾರೆ."

"ನನ್ನ ಮಗನೇ ಇಲ್ವಲ್ಲಮ್ಮ," ಎಂದರು ಅತ್ತೆ.

"ಇವಳಿದಾಳೆ, ನೀವಿದೀರಿ. ವಾರಸುದಾರರು ಹಾಕಬಹುದು ಅಮ್ಮ. ಕೇಸು ಸತ್ತೇ ಹೋಗಿದ್ರೆ, ಧಣಿ ಬೆಳಿಗ್ಗೆ ಬೆಳಿಗ್ಗೆ ಯಾಕೆ ಓಡಿ ಬರ್ತಿದ್ದ?"

ಅತ್ತೆ ಧಣಿ ಕೂತಿದ್ದ ಕುರ್ಚಿಯನ್ನು ಗೋಡೆಗೆ ಸರಿಸಿದರು. "ಅವನಿಗೆ ಕುರ್ಚಿ ಬೇರೆ ಒರೆಸಿಕೊಟ್ಟೆ," ಎಂದರು. ಆಮೇಲೆ ನನಗೆ, "ಸಹಿ ಹಾಕಬೇಡ."

"ಅವನ ಆಸ್ತಿ ಎಲ್ಲೆಲ್ಲಿದೆ ಅಂತ ಕೋರ್ಟಿಗೆ ನಾವೇ ತೋರಿಸ್ಬೇಕು. ಯಾವ ಬ್ಯಾಂಕು, ಗೊತ್ತಾ?"

ಗೊತ್ತಿತ್ತು. ಮುಂಗಡವನ್ನು ಚೆಕ್ಕಿನಲ್ಲಿ ಕೊಟ್ಟಿದ್ದ. ಅದನ್ನು ಕಟ್ಟಿ ಬಂದವಳು ನಾನೇ.

ಚೌಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಬಿಗಿಯಾಗಿ ಹೊಡೆದಿದ್ದರು.

ಅರ್ಜಿ ಹಾಕಿದ ಮೇಲೂ ಓಡಾಟ ತಪ್ಪಲಿಲ್ಲ. ಖಾತೆ ಜಪ್ತಿಯಾದ ದಿನ ಧಣಿ ಫೋನ್ ಮಾಡಿ, "ಗಂಡನ ಹೆಣದ ಮೇಲೆ ದುಡ್ಡು ಎಣಿಸ್ತೀಯಾ?" ಎಂದ. ಬಾಕಿ ಬಂತು. ಯಾರು ಕಾದಿದ್ದರೋ ಅವರಿಗೆ ಬರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಗೆದ್ದ ತೀರ್ಪೊಂದು ಪೆಟ್ಟಿಗೆಯಲ್ಲಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಅದು ತಾನಾಗಿ ಹಣ ತರುವುದಿಲ್ಲ. ಜಾರಿ ಅರ್ಜಿಗೆ ಕಾಲಮಿತಿಯಿದೆ. ಎಷ್ಟೆಂದು ಕಾನೂನು ನೆರವು ಕೇಂದ್ರಕ್ಕೆ ಹೋಗಿ ಕೇಳಿ. ಕೊಡಬೇಕಾದವನ ಬ್ಯಾಂಕು, ಜಾಗ, ವಾಹನ ಗೊತ್ತಿದ್ದಷ್ಟು ತಿಳಿಸಿ. ಪೂರ್ತಿ ಹಣ ಕೈಗೆ ಬಾರದೆ 'ಪೂರ್ತಿ ಸಂದಿದೆ' ಎಂಬುದಕ್ಕೆ ಸಹಿ ಹಾಕಬೇಡಿ. ಸತ್ತವರು ಗೆದ್ದದ್ದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಹಣ ಬಂದ ದಿನ, ಇವರು ಕಡ ತಂದಿದ್ದ ರಬ್ಬರ್ ಹಿಡಿಕೆಗಳನ್ನು ಒರೆಸಿ ಎದುರು ಸಾಲಿಗೆ ಒಯ್ದೆ.

"ನಾನೆಲ್ಲಿ ಕೇಳಿದ್ನಮ್ಮ?" ಎಂದ ಗಾಜಿನವನು.

"ನೀವು ಕೇಳ್ಲಿಲ್ಲ," ಎಂದೆ. "ಇವರೂ ಹಾಗೇ. ಕೇಳ್ದೆ ಕಾಯ್ತಾ ಇದ್ರು."